ಗೆರೆ ದಾಟಿದವರು

ಸುವರ್ಣಾಳ ಸೈಕಲ್ಲಿಗೆ ಗಾಲಿಯ ಅಂಚನ್ನು ರಬ್ಬರಿನಿಂದ ಒತ್ತಿ ಹಿಡಿಯುವ ರಿಮ್ ಬ್ರೇಕ್, ಮಹಾಂತೇಶನದಕ್ಕೆ ಡಿಸ್ಕ್ ಬ್ರೇಕ್. ಎರಡು ವರ್ಷದಿಂದ ಪ್ರತಿ ಭಾನುವಾರ ಇಬ್ಬರೂ ಜಗಳವಾಡುತ್ತಲೇ ಗುಡ್ಡ ಹತ್ತುತ್ತಿದ್ದರು.

“ಹಸಿ ರಸ್ತ್ಯಾಗ ನಿನ್ನ ರಬ್ಬರ್ ಜಾರತಾವ,” ಎಂದ ಅವನು.

“ನಂದು ಕೆಟ್ಟರ ಯಾವ ಅಂಗಡ್ಯಾಗರ ರಿಪೇರಿ ಆಗತೈತಿ. ನಿಂದು?”

“ಹಂಗಾದ್ರ ನೋಡೇಬಿಡೂಣು. ಜೋರಾಗಿ ಇಳದು ಬ್ರೇಕ್ ಹಾಕೂಣು, ನಿಲ್ಲದ ಕೆಳಗಿನ ಬಿಳಿ ಗೆರಿ ದಾಟಿದವರು ಸೋತಂಗ. ಸೋತವರು ಮನಸ್ಸಿನಾಗಿನ ಮಾತು ಮೊದಲ ಹೇಳಬೇಕು.” ಹೇಳುವಾಗ ಅವನ ಕಿವಿ ಕೆಂಪಗಾಯಿತು.

ಸುವರ್ಣಾಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ದಿನದಿಂದ ನಾಲಿಗೆಯ ತುದಿಯಲ್ಲೇ ಇದ್ದ ಮಾತದು! ಸೋತೇ ತೀರುತ್ತೇನೆಂದು ಇಳಿಜಾರಿಗೆ ಸೈಕಲ್ ಬಿಟ್ಟಳು. ಗಾಳಿಗೆ ಕಣ್ಣಲ್ಲಿ ನೀರು ಬಂತು. ಬ್ರೇಕು ಮುಟ್ಟದೆ ಗೆರೆ ದಾಟಿ, ಗೆದ್ದವನನ್ನು ನೋಡಲು ಹಿಂದಕ್ಕೆ ತಿರುಗಿದಳು.

ಅಷ್ಟರಲ್ಲಿ ಅವನು, ಬ್ರೇಕಿನ ಮೇಲೆ ಬೆರಳೇ ಇಡದೆ, ಹೋ ಎಂದು ಕೂಗುತ್ತ ಗೆರೆಯನ್ನೂ ಅವಳನ್ನೂ ದಾಟಿ ಹೋದ.