ಅಳತೆ ಕೊಟ್ಟ ಬಾಯಿ

ಇಂಪ್ಲಾಂಟ್ ಹಲ್ಲಿಗೆ ಅಳತೆ ಕೊಟ್ಟ ಮರುದಿನವೇ ಅವನು ಹೆಂಡತಿಗೆ ಹೇಳದೆ ಊರು ಬಿಟ್ಟಿದ್ದ. ಹೊಸ ಊರು, ಹೊಸ ಹೆಸರು, ಎದೆಯುದ್ದ ಗಡ್ಡ. ಆರು ತಿಂಗಳು ಒಂದೇ ದವಡೆಯಲ್ಲಿ ಅಗಿದು ಸಾಕಾಗಿ, ಕೊನೆಗೆ ಇಲ್ಲಿನ ದಂತವೈದ್ಯೆಯ ಕುರ್ಚಿಗೆ ಒರಗಿದ.

"ಮುಂಚೆ ಎಲ್ಲಾದ್ರೂ ಅಳತೆ ಕೊಟ್ಟಿದ್ರಾ?"

"ಇಲ್ಲ ಡಾಕ್ಟ್ರೇ, ಇದೇ ಮೊದಲು."

ವೈದ್ಯೆ ಅವನ ಬಾಯಿ ಅಗಲಿಸಿ, ಡ್ರಿಲ್ಲಿಗೆ ದಾರಿ ತೋರುವ ಪ್ಲಾಸ್ಟಿಕ್ ಅಚ್ಚೊಂದನ್ನು ಹಲ್ಲುಗಳ ಮೇಲಿಟ್ಟು ಒತ್ತಿದಳು. ಅದು ಟಕ್ಕೆಂದು ಕೂತಿತು.

"ಕೂದಲೆಳೆಯಷ್ಟೂ ಸಂದಿಲ್ಲ ನೋಡಿ. ಅಳತೆ ಕೊಟ್ಟ ಬಾಯಿಗೆ ಬಿಟ್ರೆ ಇದು ಇನ್ಯಾರಿಗೂ ಕೂರಲ್ಲ."

ಅವನು ಏಳಲು ನೋಡಿದರೆ ಪಕ್ಕದಲ್ಲಿದ್ದ ನರ್ಸ್ ಭುಜ ಅದುಮಿ ಹಿಡಿದಿದ್ದಳು. ಬಾಯಿತುಂಬ ಅಚ್ಚು, "ಆ... ಆ..." ಎಂದಷ್ಟೇ ಹೊರಟಿತು.

ವೈದ್ಯೆ ಬಾಗಿಲ ಕಡೆ ತಿರುಗಿದಳು.

"ಒಳಗೆ ಬನ್ನಿ ಮೇಡಂ. ಊರೂರು ಹುಡುಕುತ್ತಾ ನೀವು ತಂದುಕೊಟ್ಟ ನಿಮ್ಮ ಯಜಮಾನ್ರ ಅಚ್ಚು ಇವರಿಗೇ ಕೂತಿದೆ."