ಜಿಗಣೆ ಬಂದ ಮಧ್ಯಾಹ್ನ

ಬೆಲ್ ಎರಡನೇ ಸಲ ಸದ್ದು ಮಾಡಿದಾಗ ಅವಳು ಓವನ್ ಆರಿಸಿದಳು. ಒಳಗೆ ಕೇಕು ಅರ್ಧ ಉಬ್ಬಿತ್ತು. ಇನ್ನು ಅದು ಕುಸಿಯುವುದು ಖಂಡಿತ. ಕುಸಿಯಲಿ. ಓವನ್ನಿನ ಗುಂಯ್‌ಗುಟ್ಟುವಿಕೆ ಬಾಗಿಲಾಚೆ ಕೇಳಿಸಿದರೆ ಅದಕ್ಕಿಂತ ದೊಡ್ಡದು ಕುಸಿಯುತ್ತದೆ.

ತುದಿಗಾಲಲ್ಲಿ ಬಂದು ಬಾಗಿಲಿನ ಇಣುಕುಗಾಜಿಗೆ ಕಣ್ಣಿಟ್ಟಳು.

ಜಿಗಣೆ.

ಆ ಹೆಸರಿಟ್ಟವನು ಅವಳ ಗಂಡ, ಲಿಫ್ಟ್ ಮೆಕ್ಯಾನಿಕ್. ಅವಳ ಕೇಕಿನ ಅಂಗಡಿ ಮುಳುಗಿ, ಸಾಲದ ಕಂತುಗಳು ತಪ್ಪಿದ ದಿನಗಳಲ್ಲಿ ವಸೂಲಿಗೆ ಬರುತ್ತಿದ್ದವನು ಇವನೇ. ಬಾಗಿಲು ಒದೆಯುತ್ತಿದ್ದ. ಇಡೀ ಬೀದಿಗೆ ಕೇಳುವಂತೆ ಅವರ ಮಾನ ಹರಾಜು ಹಾಕುತ್ತಿದ್ದ. ಅಸಲು, ಬಡ್ಡಿ, ದಂಡ ಎಲ್ಲ ಕಟ್ಟಿ ಮುಗಿಸಿದ ದಿನವೂ ಹಲ್ಲುಕಡ್ಡಿ ಕಚ್ಚಿಕೊಂಡೇ ಹೇಳಿದ್ದ: "ಮುಗೀತು ಅಂದ್ಕೋಬೇಡಿ. ಚಿಲ್ಲರೆ ಬಾಕಿ ಯಾವಾಗ ಬೇಕಾದ್ರೂ ಎದ್ದು ಬರುತ್ತೆ. ಎಲ್ಲಿಗೆ ಹೋದ್ರೂ ಹುಡುಕ್ಕೊಂಡು ಬರ್ತೀನಿ."

ಬಂದಿದ್ದಾನೆ. ಅದೂ ಈ ವಾರವೇ.

ಪಾತಾಳಕ್ಕಿಳಿದಿದ್ದ ಕ್ರೆಡಿಟ್ ಸ್ಕೋರನ್ನು ಮೇಲೆತ್ತಲು ಪಟ್ಟ ಪಾಡು ಆ ಗಂಡಹೆಂಡತಿಗೇ ಗೊತ್ತು. ಚಿಕ್ಕದೊಂದು ಕಾರ್ಡ್ ಮಾಡಿಸಿಕೊಂಡು, ಅದರಲ್ಲಿ ಮೈದಾ ಸಕ್ಕರೆ ಮಾತ್ರ ಕೊಂಡು, ಗಡುವಿಗೆ ಮೊದಲೇ ಕಟ್ಟುತ್ತಿದ್ದರು. ಕೈಯಲ್ಲಿ ಹಣವಿದ್ದರೂ ಫ್ರಿಜ್ಜನ್ನು ಕಂತಿನಲ್ಲೇ ಕೊಂಡರು, ನಿಯತ್ತು ತೋರಿಸಬೇಕಲ್ಲ! ಒಂದು ಕಂತಿನ ದಿನ ಗಂಡ ಜ್ವರದಲ್ಲಿ ನಡುಗುತ್ತಲೇ ಬ್ಯಾಂಕಿಗೆ ಹೋಗಿದ್ದ. ಹಾಗೆ ಇಂಚಿಂಚಾಗಿ ಏರಿದ ಸ್ಕೋರನ್ನು ನಂಬಿ ಎರಡು ಕೋಣೆಯ ಮನೆಯೊಂದಕ್ಕೆ ಮುಂಗಡ ಕೊಟ್ಟಿದ್ದರು. ಉಳಿತಾಯವೆಲ್ಲ ಅದರಲ್ಲೇ ಹೋಗಿತ್ತು. ಶುಕ್ರವಾರದೊಳಗೆ ಸಾಲ ಮಂಜೂರಾಗದಿದ್ದರೆ ಮನೆಯೂ ಇಲ್ಲ, ಮುಂಗಡವೂ ಇಲ್ಲ.

"ನಿಮ್ಮ ಕಡೆಯಿಂದ ಎಲ್ಲಾ ಆಯ್ತು" ಎಂದಿದ್ದರು ಬ್ಯಾಂಕಿನ ಮೇಡಂ. "ಇನ್ನೇನಿದ್ರೂ ನಮ್ಮ ಕಡೆಯ ಸಣ್ಣಪುಟ್ಟ ಕೆಲಸ. ನಿಶ್ಚಿಂತೆಯಾಗಿ ಮನೇಲಿರಿ."

ಎಲ್ಲಿಯ ನಿಶ್ಚಿಂತೆ! ಬೆಳಗ್ಗೆಯಿಂದ ಗೊತ್ತಿಲ್ಲದ ನಂಬರಿನಿಂದ ಕರೆ ಬರುತ್ತಲೇ ಇತ್ತು. ಅವಳು ಕತ್ತರಿಸುತ್ತಲೇ ಇದ್ದಳು. ಈಗ ಗೊತ್ತಾಯಿತು ಯಾರೆಂದು. ಮನೆ ಕೊಳ್ಳುವ ಸುದ್ದಿ ಇವನ ಮೂಗಿಗೆ ಬಡಿದಿದೆ. ಇಲ್ಲದ ಬಾಕಿಯೊಂದನ್ನು ಎಬ್ಬಿಸಿ ದೂರು ಜಡಿದರೆ ಸಾಕು, ಸ್ಕೋರ್ ಮತ್ತೆ ಪಾತಾಳಕ್ಕೆ.

ಬಚ್ಚಲುಮನೆಗೆ ಹೋಗಿ ಗಂಡನಿಗೆ ಫೋನ್ ಹಚ್ಚಿದಳು.

"ರೀ, ಜಿಗಣೆ ಬಂದಿದಾನೆ."

ಅತ್ತ ಲಿಫ್ಟಿನ ಗುಂಡಿಯೊಳಗೆ ಏನೋ ಠಣ್ಣೆಂದು ಬಿತ್ತು. "ಅಡ್ರೆಸ್ ಹೇಗೆ ಸಿಕ್ತು ಅವನಿಗೆ? ಬ್ಯಾಂಕಿಗೆ, ನಿಮ್ಮಮ್ಮಂಗೆ ಬಿಟ್ರೆ ಯಾರಿಗೂ ಕೊಟ್ಟಿಲ್ವಲ್ಲ!"

"ಅಮ್ಮನೇ ಬಾಯಿ ಬಿಟ್ಟಿರ್ತಾಳೆ."

"ಜಗಳ ಆಮೇಲೆ ಆಡೋಣ. ನೀನು ಮಿಸುಕಬೇಡ."

ಮೂರನೇ ಬೆಲ್. ಈ ಸಲ ಮೆತ್ತಗೆ.

"ಮೇಡಂ, ಇದೀರಾ? ಎರಡು ನಿಮಿಷದ ಕೆಲಸ ಅಷ್ಟೇ."

ಅವಳು ಮತ್ತೆ ಇಣುಕುಗಾಜಿಗೆ ಕಣ್ಣಿಟ್ಟಳು. ಒದೆಯಲಿಲ್ಲ, ಬೈಯಲಿಲ್ಲ. ಇಸ್ತ್ರಿಯ ಅಂಗಿ, ಬಗಲಲ್ಲಿ ಫೈಲು. ಇಷ್ಟು ನಯವಾಗಿ ಬಂದಿದ್ದಾನೆಂದರೆ ಸಂಚು ದೊಡ್ಡದೇ ಇರಬೇಕು. ಅವನು ಮೊಬೈಲಿನಲ್ಲಿ ಬಾಗಿಲಿನ ಫೋಟೋ ತೆಗೆದ.

ಆಗ ಪಕ್ಕದ ಮನೆಯ ಬಾಗಿಲು ತೆರೆಯಿತು. ನಿವೃತ್ತ ಟೀಚರಮ್ಮ. ಎಲ್ಲಿ ಬಾಡಿಗೆಗೆ ಹೋದರೂ ಸಾಮಾನು ಇಳಿಸುವ ಮೊದಲೇ ಹುಡುಕಿಕೊಂಡು ಬಂದವರಿಗೆ ಹೇಳಲೆಂದು ಪಕ್ಕದವರಿಗೆ ಒಂದು ಮಾತು ಕಲಿಸಿಡುವುದು ಈ ಗಂಡಹೆಂಡತಿಯ ರೂಢಿ. ಸಾಲ ತೀರಿದ ಮೇಲೂ ರೂಢಿ ತಪ್ಪಿರಲಿಲ್ಲ. ಟೀಚರಮ್ಮ ಒಂದು ಕೇಕು ತಿಂದು ಪಾಠ ಒಪ್ಪಿಸಿದ್ದರು.

"ಯಾರು ಬೇಕಿತ್ತಪ್ಪಾ?"

"ಈ ಮನೆಯವರು, ಅಮ್ಮ."

"ಅವರಾ? ಖಾಲಿ ಮಾಡ್ಕೊಂಡು ಹೋಗಿ ತಿಂಗಳುಗಳಾಯ್ತಲ್ಲ."

"ಎಲ್ಲಿಗೆ ಹೋದ್ರು?"

"ನಂಗೇನು ಹೇಳಿ ಹೋದ್ರಾ? ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ್ರು. ನನ್ನ ಸಕ್ಕರೆ ಡಬ್ಬೀನೂ ಹೊತ್ಕೊಂಡು ಹೋದ್ರು."

ಕಲಿಸಿದ್ದಕ್ಕಿಂತ ಹೆಚ್ಚೇ ಹೇಳುತ್ತಿದ್ದರು. ಒಳಗೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಕೇಕಿನ ವಾಸನೆ ಬರ್ತಾ ಇದೆ?"

"ನಮ್ಮನೇದು. ಯಾಕೆ, ನಾವು ತಿನ್ನಬಾರದಾ?"

ಅವನ ಮುಖ ಸಪ್ಪಗಾಯಿತು.

"ನಿಜ ತಾನೇ ಅಮ್ಮ? ನೀವು ಹೇಳಿದ್ದನ್ನೇ ನಾನು ಬರ್ಕೊಳ್ಳೋದು."

"ಮಕ್ಕಳಿಗೆ ಪಾಠ ಹೇಳಿದ ಬಾಯಿ ಇದು. ಧಾರಾಳವಾಗಿ ಬರ್ಕೋ."

ಬರೆದುಕೊಂಡ. ಮೆಟ್ಟಿಲಿಳಿದ. ಅವನ ಬೈಕಿನ ಸದ್ದು ಬೀದಿಯ ಕೊನೆ ದಾಟುವವರೆಗೂ ಅವಳು ಗೋಡೆಗೊರಗಿ ಕೂತೇ ಇದ್ದಳು.

ಸಂಜೆ ಗಂಡ ಬಂದ. ಟೀಚರಮ್ಮನನ್ನೂ ಕರೆದು, ಕುಸಿದ ಕೇಕನ್ನೇ ಕೊಯ್ದರು. ಟೀಚರಮ್ಮ ಜಿಗಣೆಯ ಸಪ್ಪೆ ಮುಖವನ್ನು ನಟಿಸಿ ತೋರಿಸಿದಾಗ ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರಾಗಿತ್ತು.

ಅಷ್ಟರಲ್ಲಿ ಫೋನ್ ಬಂತು. ಬ್ಯಾಂಕಿನ ಮೇಡಂ. ಎಲ್ಲರಿಗೂ ಕೇಳಲೆಂದು ಗಂಡ ಸ್ಪೀಕರ್ ಹಾಕಿದ.

"ಶುಕ್ರವಾರ ಅಂದಿದ್ರಿ ಮೇಡಂ, ಇವತ್ತೇ ಆಗೋಯ್ತಾ?"

"ನಿಮ್ಮ ಅರ್ಜಿ ತಿರಸ್ಕಾರ ಆಗಿದೆ." ದನಿ ಒಣಗಿತ್ತು. "ಸುಳ್ಳು ವಿಳಾಸ ಕೊಟ್ಟಿದೀರಿ ಅಂತ ವರದಿ ಬಂದಿದೆ. ಅದು ದಾಖಲಾದ ಮೇಲೆ ನಾನೇನೂ ಮಾಡೋ ಹಾಗಿಲ್ಲ."

"ಸುಳ್ಳು ವಿಳಾಸಾನಾ? ಯಾರು ಹೇಳಿದ್ದು ಹಾಗಂತ?"

"ಮನೆ ನೋಡ್ಕೊಂಡು ಬರೋಕೆ ನಾವು ಕಳಿಸಿದ ಮನುಷ್ಯ. ಮೊದಲು ಎಲ್ಲೋ ವಸೂಲಿ ಕೆಲಸದಲ್ಲಿದ್ದನಂತೆ; ನಿಮ್ಮ ಹೆಸರು ನೋಡಿ, 'ಒಂದು ಕಾಸೂ ಬಾಕಿ ಉಳಿಸದೆ ಕಟ್ಟಿದ ಜನ ಇವರು, ನಾನೇ ಹೋಗಿ ಒಳ್ಳೇ ವರದಿ ಬರೀತೀನಿ' ಅಂತ ತಾನಾಗೇ ಕೇಳಿಕೊಂಡು ಬಂದಿದ್ದ."