ಬಿರಡೆಯ ಮೇಲೊಂದು ಏಟು

ತೊಳೆಯಲೆಂದು ಗಾಜಿನ ಕೊಳವೆಯ ಮುಚ್ಚಳ ತೆಗೆದ ‘ಪಾಚಿ ಮೇಡಂ’ ಬೆರಳಿಗೆ ಹಸಿರು ಅಂಟಿತು. ಕಿಟಕಿಯ ಬೆಳಕಿಗೆ ಬೆರಳು ಹಿಡಿದು ನೋಡಿದಳು. ತಳದಲ್ಲಿ ಕಾಣದ್ದೆಲ್ಲ ಇಲ್ಲಿ, ಮುಚ್ಚಳಕ್ಕೆ ಮೆತ್ತಿಕೊಂಡು ಕೂತಿತ್ತು.

ಕೆರೆಯ ನೀರಿನಲ್ಲಿ ವಿಷದ ಪಾಚಿ ಎಷ್ಟಿದೆ ಎಂದು ಎಣಿಸುವುದು ಅವಳ ಕೆಲಸ. ಹದಿನಾಲ್ಕು ವರ್ಷ ಅದನ್ನೇ ಎಣಿಸಿ ಎಣಿಸಿ, ಪ್ರಯೋಗಾಲಯದವರ ಬಾಯಲ್ಲಿ ಅವಳ ಹೆಸರೇ ಪಾಚಿಯಾಗಿತ್ತು. ಈ ಪಾಚಿಗೊಂದು ಕೆಟ್ಟ ಚಾಳಿ: ಮೈಯೊಳಗೆ ಗಾಳಿ ತುಂಬಿಕೊಂಡು ತೇಲುತ್ತದೆ. ಸೂಕ್ಷ್ಮದರ್ಶಕ ನೋಡುವುದೋ ಕೊಳವೆಯ ತಳವನ್ನು. ಅದಕ್ಕೇ ಮೊದಲು ನೀರನ್ನು ಸೀಸೆಗೆ ಕಂಠಮಟ್ಟ ತುಂಬಿ, ಬಿರಡೆ ಜಡಿದು, ಅದರ ನೆತ್ತಿಗೆ ಸುತ್ತಿಗೆಯಿಂದ ಒಂದು ಏಟು ಬಿಗಿಯಬೇಕು. ಆ ಒತ್ತಡಕ್ಕೆ ಒಳಗಿನ ಗಾಳಿಗುಳ್ಳೆಗಳು ಒಡೆಯುತ್ತವೆ; ಆಮೇಲೆ ನೀರನ್ನು ಕೊಳವೆಗೆ ಸುರಿದಿಟ್ಟರೆ ಪಾಚಿ ತೆಪ್ಪಗೆ ತಳ ಸೇರುತ್ತದೆ. ಇಷ್ಟೆಲ್ಲ ಓದಿಯೂ ಕೊನೆಗೆ ಕಮ್ಮಾರನ ಕೆಲಸವೇ ಗತಿಯಾಯಿತು ಎಂದು ಅವಳೇ ತಮಾಷೆ ಮಾಡುವುದಿತ್ತು.

ನಿನ್ನೆ ಮಾತ್ರ ಹೊಡೆದಿರಲಿಲ್ಲ. ಸುತ್ತಿಗೆ ಎತ್ತಿದ್ದೇ ತಡ, ಪಕ್ಕದ ಸಭೆಯ ಕೋಣೆಯಿಂದ ನಿರ್ದೇಶಕರು ತಲೆ ಹೊರಗೆ ಹಾಕಿದ್ದರು. "ಏನಮ್ಮಾ ಇದು, ದಿನಾ ಠಣ ಠಣ! ಸದ್ದಿಲ್ಲದೆ ಕೆಲಸ ಮಾಡೋಕೆ ಬರಲ್ವಾ?"

ನಾಲ್ಕು ಜನರೆದುರು ಹಾಗೆನ್ನಿಸಿಕೊಂಡು ಅವಳ ಮುಖ ಕೆಂಪಾಗಿತ್ತು. ಒಂದು ದಿನಕ್ಕೇನಾಗುತ್ತೆ ಎಂದು ಸುತ್ತಿಗೆಯನ್ನು ಡ್ರಾಯರಿಗೆ ತಳ್ಳಿ, ನೀರನ್ನು ಹಾಗೇ ಕೊಳವೆಗೆ ಸುರಿದಿದ್ದಳು. ಇವತ್ತು ಬೆಳಿಗ್ಗೆ ನೋಡಿದರೆ ತಳ ಫಳಫಳ. ಅನುಮಾನ ಬರಬೇಕಿತ್ತು. ಆದರೆ ಪಾಚಿಯಿಂದಾಗಿ ಯಾರೂ ಇಳಿಯದಂತೆ ಕೆರೆ ಮುಚ್ಚಿ ಎರಡು ತಿಂಗಳಾಗಿತ್ತು, ಈಜು ಯಾವಾಗ, ಯಾವಾಗ ಎಂದು ಮಗಳು ದಿನವೂ ತಲೆ ತಿನ್ನುತ್ತಿದ್ದಳು. ಸೊನ್ನೆ ಎಂದು ಬರೆದು ಸಹಿ ಹಾಕಿ ಕಳಿಸಿಬಿಟ್ಟಿದ್ದಳು. ವರದಿ ಸರಿಬಂದರೆ ಹತ್ತು ಗಂಟೆಗೆ ಶಾಲೆಯ ಮಕ್ಕಳು ನೀರಿಗಿಳಿಯುವುದೆಂದು ನಿಗದಿಯಾಗಿತ್ತು. ಮಗಳೂ ಅದೇ ಗುಂಪಿನಲ್ಲಿದ್ದಳು.

ಈಗ ಹತ್ತೂಕಾಲು. ಟೀಚರಿಗೆ ಫೋನ್ ಮಾಡಿದಳು. ಅದು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಮತ್ತೆ ಮಾಡಿದಳು, ಮತ್ತೂ ಮಾಡಿದಳು. ಕೆರೆಯ ಕಾವಲುಗಾರನ ನಂಬರಿದ್ದದ್ದು ನಿರ್ದೇಶಕರ ಹತ್ತಿರ. ನಿನ್ನೆ ತುಂಬಿಟ್ಟಿದ್ದ ಇನ್ನೊಂದು ಸೀಸೆಯನ್ನೂ ಸುತ್ತಿಗೆಯನ್ನೂ ಹಿಡಿದು ಅವಳು ಸಭೆಯ ಕೋಣೆಗೆ ನುಗ್ಗಿದಳು.

"ಸರ್, ಕೆರೆ ಮುಚ್ಚಿಸಿ. ಈಗಲೇ!"

"ಸೊನ್ನೆ ಅಂತ ಬರೆದಿದ್ದು ನೀವೇ ಅಲ್ವೇನಮ್ಮಾ?" ನಿರ್ದೇಶಕರು ಸುತ್ತ ಕುಳಿತವರ ಮುಖ ನೋಡಿದರು. "ಗಳಿಗೆಗೊಂದು ಮಾತಾಡಿದ್ರೆ ಹೇಗೆ?"

ವಿವರಿಸುತ್ತ ನಿಲ್ಲಲು ಅವಳಿಗೆ ತಾಳ್ಮೆ ಎಲ್ಲಿತ್ತು? ನಯವಾದ ಮೇಜಿನ ಮೇಲೆ ಸೀಸೆ ಕುಕ್ಕಿ, ಬಿರಡೆಗೆ ಬಲವಾಗಿ ಒಂದು ಏಟು ಹಾಕಿದಳು. ಕಾಫಿಯ ಕಪ್ಪುಗಳು ನೆಗೆದುಬಿದ್ದವು. ಸೀಸೆಯ ಕುತ್ತಿಗೆಯಲ್ಲಿ ಕೆನೆಗಟ್ಟಿದ್ದ ಹಸಿರು ನೋಡನೋಡುತ್ತಿದ್ದಂತೆ ಕಪ್ಪಿಟ್ಟು, ಎಳೆ ಎಳೆಯಾಗಿ ಕೆಳಗಿಳಿಯತೊಡಗಿತು. "ನಿನ್ನೆ ಹೊಡೀಲಿಲ್ಲ ಸರ್. ತಪ್ಪು ನಂದೇ," ಎಂದಳು.

ನಿರ್ದೇಶಕರ ಕೈ ಫೋನಿಗೆ ಹೋಯಿತು. ಕಾವಲುಗಾರ ಎತ್ತಿದ. ಅವನ ದನಿಗಿಂತ ಮೊದಲು ಸ್ಪೀಕರಿನಿಂದ ಮಕ್ಕಳ ಕೇಕೆ, ನೀರು ಬಡಿಯುವ ಸದ್ದು ಕೋಣೆಯ ತುಂಬ ಕೇಳಿಸಿತು.

"ಎಲ್ಲರನ್ನೂ ಮೇಲೆ ಹತ್ತಿಸಯ್ಯಾ! ಒಬ್ಬರೂ ನೀರಲ್ಲಿರಬಾರದು!"

"ಆಗ್ಲಿ ಸಾರ್, ಈಗ್ಲೇ ಕರೀತೀನಿ," ಎಂದ ಆತ ಗಾಬರಿಯಲ್ಲಿ. "ಮೊದಲು ಯಾರೂ ಇಳೀಲೇ ಇಲ್ಲ ಸಾರ್. ದಡದಲ್ಲಿ ಹಸಿರು ಕಂಡು ಟೀಚರಮ್ಮನೂ ಹಿಂದೇಟು ಹಾಕಿದ್ರು. ಒಬ್ಬಳು ಪುಟ್ಟ ಹುಡುಗಿ ಎಲ್ಲರಿಗೂ ಧೈರ್ಯ ಹೇಳಿ ತಾನೇ ಮೊದಲು ಧುಮುಕಿದ್ಲು. ‘ಈ ನೀರು ನಮ್ಮಮ್ಮ ನೋಡಿರೋದು, ಏನೂ ಆಗಲ್ಲ ಬನ್ನಿ’ ಅಂತ."